ಫಾನಿಲ್ಲಳ ಕಲ್ಲು

ಖೈರಿಪ್ಪೆ ಹಟ ಹಿಡಿದರೆ ಬಿಡುವವಳಲ್ಲ. ಅಥೆನ್ಸಿನ ಹೆಬ್ಬಾಗಿಲಾಚೆಯ ಕಲ್ಲುಕುಟಿಗರ ಬೀದಿ ಗರತಿಯರು ಒಬ್ಬಂಟಿಯಾಗಿ ಕಾಲಿಡುವ ಜಾಗವಲ್ಲ. ಅಲ್ಲಿಗೇ ಅವಳು ಮುಸುಕು ಹೊದ್ದು ಬಂದಿದ್ದಳು. ಮಗಳು ಫಾನಿಲ್ಲ ಜ್ವರದಲ್ಲಿ ತೀರಿಹೋಗಿ ಹದಿನೆಂಟು ದಿನವಾಗಿತ್ತು. ಎಂಟು ವರ್ಷದ ಕೂಸು.

ಗೋರಿಯ ಕಲ್ಲನ್ನು ಗಂಡ ಆಗಲೇ ಗೊತ್ತುಮಾಡಿ ಹೋಗಿದ್ದ. ಕಲ್ಲುಕುಟಿಗ ಮುದುಕ ಸಿಮಿಯಾಸ್ ಅಂಥ ಕಲ್ಲುಗಳನ್ನು ಮೊದಲೇ ಕೆತ್ತಿ, ಮುಖವೊಂದನ್ನು ಮಾತ್ರ ಬಾಕಿ ಉಳಿಸಿ ಗೋಡೆಗೆ ಒರಗಿಸಿಡುತ್ತಿದ್ದ. ಗಂಡ ಆರಿಸಿದ್ದರಲ್ಲಿ ಎತ್ತರದ ಮದುವಣಗಿತ್ತಿ ನಿಂತಿದ್ದಳು. ಪಕ್ಕದಲ್ಲಿ ಉದ್ದ ಕತ್ತಿನ ಕೊಡ, ಮದುವೆ ಹೆಣ್ಣಿನ ಸ್ನಾನಕ್ಕೆ ನೀರು ತರುವಂಥದು. ಮದುವೆಯಾಗದೆ ಸತ್ತ ಹೆಣ್ಣಿಗೆ ಗೋರಿಯ ಮೇಲಾದರೂ ಆ ಕೊಡ ಕೊಡುವುದು ಊರಿನ ರೂಢಿ. ಇಲ್ಲದಿದ್ದರೆ ಜನ ಆಡಿಕೊಳ್ಳುತ್ತಾರೆಂದು ಗಂಡನಿಗೆ ಭಯ.

ಖೈರಿಪ್ಪೆ ಕಲ್ಲನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ನೆತ್ತಿಗೇರಿತು.

"ಇವಳ್ಯಾರೋ ನಂಗೊತ್ತಿಲ್ಲ ಅಣ್ಣ. ನನ್ನ ಮಗಳು ಗಂಡ ಬೇಕು ಅಂತ ಸಾಯ್ಲಿಲ್ಲ. ಕೊನೇ ದಿನಾನೂ ನನ್ನ ಬಾತುಕೋಳಿ ತನ್ನಿ ಅಂತಿದ್ಲು."

ಸಿಮಿಯಾಸ್ ಸಮಾಧಾನ ಹೇಳಿದ. ಕೆತ್ತಿದ ಕಲ್ಲು ಕೆತ್ತಿದ್ದೇ, ಹಾರಿಹೋದ ಚೂರನ್ನು ದೇವರೂ ಅಂಟಿಸಲಾರ, ಗಣಿಯಿಂದ ಹೊಸ ಕಲ್ಲು ಬರಬೇಕಾದರೆ ಚಳಿಗಾಲ ಕಳೆಯಬೇಕು ಎಂದ.

"ಅಂಟ್ಸಿ ಅಂತ ಯಾರು ಹೇಳಿದ್ರು? ತೆಗೀರಿ. ನನ್ನ ಮಗಳು ಕುಳ್ಳಿ. ಇವಳೊಳಗೇ ಹಿಡಿಸ್ತಾಳೆ."

ಮದುವಣಗಿತ್ತಿಯ ಎದೆಯ ಮೇಲೆ ಅಂಗೈ ಇಟ್ಟು, ತಲೆ ಇಷ್ಟೆತ್ತರಕ್ಕೆ ಬರಬೇಕೆಂದಳು. ಕೊಡದ ಕತ್ತನ್ನು ತೋರಿಸಿ, ಬಾತಿನ ಕತ್ತು ಇದರಲ್ಲಿ ಸಿಗುತ್ತದಲ್ಲ ಎಂದಳು. ಮುದುಕ ಗಡ್ಡ ಕೆರೆದುಕೊಳ್ಳುತ್ತ ಕೊಡವನ್ನೇ ಬಹಳ ಹೊತ್ತು ನೋಡಿದ.

"ನಿಮ್ಮ ಯಜಮಾನ್ರು ನನ್ನ ಚರ್ಮ ಸುಲೀತಾರೆ ತಾಯಿ."

ಅದು ತನಗೆ ಬಿಟ್ಟದ್ದು ಎಂದು ಅವಳು ಅಲ್ಲೇ ಕಲ್ಲಿನ ಪುಡಿಯ ಮೇಲೆ ಕೂತಳು. ಮದುವಣಗಿತ್ತಿಯ ತಲೆ ಒಡೆದು ನೆಲಕ್ಕೆ ಬೀಳುವವರೆಗೆ ಕದಲಲಿಲ್ಲ. ಬಿದ್ದಾಗ ಅವಳಿಗೆ ನಿರಾಳವಾಯಿತು.

ಸಂಜೆ ಗಂಡನಿಗೆ ತಾನೇ ಹೇಳಿದಳು. ಅವನು ಸೂರು ಹಾರಿಹೋಗುವಂತೆ ಕೂಗಾಡಿ, ಮಾತು ಬಿಟ್ಟ. ಇಪ್ಪತ್ತು ದಿನ ಅವಳೂ ಜಗ್ಗಲಿಲ್ಲ.

ಇಪ್ಪತ್ತೊಂದನೆಯ ದಿನ ಅವನು ಸಿಮಿಯಾಸನಿಗೆ ಬುದ್ಧಿ ಕಲಿಸುತ್ತೇನೆಂದು ಹೊರಟ. ಅವಳೂ ಹಿಂದೆಯೇ ಹೋದಳು. ಕಲ್ಲಿನಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡ ಪುಟ್ಟ ಹುಡುಗಿ ಬಾತುಕೋಳಿಯ ಕತ್ತು ಹಿಡಿದು ನಿಂತಿದ್ದಳು. ಅವನು ಬಯ್ಯಲು ಬಾಯಿ ತೆರೆದವನು ಹಾಗೇ ಕುಕ್ಕರುಗಾಲಲ್ಲಿ ಕೂತ. ಕಲ್ಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ.

"ಇಷ್ಟು ಸಡಿಲವಾಗಿ ಹಿಡೀತಿರ್ಲಿಲ್ಲ ಅವಳು," ಎಂದ. "ಪಾಪ, ಆ ಬಾತಿಗೆ ಉಸಿರೇ ಕಟ್ಟೋದು. ಇನ್ನೂ ಬಿಗಿ ಮಾಡಿ."