ಒಂದು ಅಗಳು ಕಬ್ಬಿಣ

ಲ್ಯಾಬಿನ ಬಸವಂತ ಸರ್ ಪರೀಕ್ಷೆಯ ವರದಿ ಓದಿ ಮುಗಿಸಿ, ಕನ್ನಡಕ ತೆಗೆದು ಎಲ್ಲರ ಮುಖ ನೋಡಿದರು.

"ಹುಕ್ಕಿನ ಕಬ್ಬಿಣದಾಗ ಏನೂ ಐಬಿಲ್ರಿ. ಮಷೀನಿಗೆ ಹಾಕಿ ಎಳೆದೀವಿ, ಚಲೋ ತಾಕತ್ ತೋರಿಸ್ಯದ. ಅಂದಮ್ಯಾಲ ತಪ್ಪು ಭಾರ ಕಟ್ಟಿದವಂದು."

ಭಾರ ಕಟ್ಟಿದವನು ಪರಿಮಳಾಳ ತಮ್ಮ ಸುನೀಲಕುಮಾರ. ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಫಿಟ್ಟರ್. ಜನವರಿಯ ಒಂದು ನಸುಕಿನಲ್ಲಿ ಅವನು ಚೈನ್ ಪುಲ್ಲಿಗೆ ಮೋಟರ್ ಕಟ್ಟಿ ಎತ್ತುತ್ತಿದ್ದಾಗ ಹುಕ್ಕು ಮುರಿದು, ಕೆಳಗೆ ನಿಂತಿದ್ದ ತಾಯಪ್ಪನ ಕಾಲ ಮೇಲೆ ಮೋಟರ್ ಬಿತ್ತು. ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ಅಲ್ಲಿಯವರೆಗೆ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದ ತಾಯಪ್ಪ ಈಗ ಸುನೀಲನ ನೆರಳು ಕಂಡರೂ ಉಗುಳುತ್ತಾನೆ. ಇವತ್ತಿನ ವಿಚಾರಣೆಯಲ್ಲಿ ಈ ವರದಿ ನಿಂತರೆ ಸುನೀಲನ ಮೇಲೆ ಕೇಸು. ಕೇಸು ಒಂದು ದಿನ ಮುಗಿದೀತು, ಗೆಳೆಯನ ಕಾಲು ಮುರಿದವನು ಎಂಬ ಹೆಸರು ಮುಗಿಯುವುದಿಲ್ಲ.

ಏಪ್ರಿಲ್ ಮಧ್ಯಾಹ್ನ. ತಾಂತ್ರಿಕ ಕಾಲೇಜಿನ ಲ್ಯಾಬಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ವಿಚಾರಣೆಗೆ ಬಂದ ಅಧಿಕಾರಿ ಪೆನ್ನು ತೆರೆದರು. ಮಿಲ್ಲಿನ ಮ್ಯಾನೇಜರ್ ರಾಮಣ್ಣ ಬಿಳಿ ಅಂಗಿಯ ತೋಳು ಮಡಚಿಕೊಂಡು ಹಾಯಾಗಿ ಕೂತಿದ್ದ. ಬೆಂಚಿನ ತುದಿಗೆ ಊರುಗೋಲು ಹಿಡಿದು ತಾಯಪ್ಪ. ಸುನೀಲ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

"ಎಷ್ಟು ದಪ್ಪದ ತುಂಡು ಎಳೆದ್ರಿ ಸರ್?" ಎಂದಳು ಪರಿಮಳಾ.

ಬಸವಂತ ಸರ್ ಮೇಜಿನ ಮೇಲಿಂದ ಒಂದು ಕಡ್ಡಿ ಎತ್ತಿ ತೋರಿಸಿದರು. ಹುಕ್ಕಿನ ನಡುಭಾಗದಿಂದ ಕೊರೆದು, ನುಣುಪಾಗಿ ಕಡೆದದ್ದು. ಪೆನ್ಸಿಲ್ಲಿಗಿಂತ ಸಣ್ಣ. ಮುರಿದ ಹುಕ್ಕೋ, ಎರಡು ಬೆರಳು ಕೂಡಿಸಿದಷ್ಟು ದಪ್ಪ.

"ಇಷ್ಟ?"

"ಅನ್ನ ಬೆಂದದೋ ಇಲ್ಲೋ ನೋಡಾಕ ಒಂದು ಅಗಳು ಸಾಲಂಗಿಲ್ಲೇನ್ರಿ ಮೇಡಂ?"

ರಾಮಣ್ಣ ನಕ್ಕ. ಪರಿಮಳಾಳ ಕಿವಿ ಬಿಸಿಯಾದವು. ಸುರಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೊದಲು ಆಕೆ ಐದಾರು ವರ್ಷ ಮಾಡಿದ್ದೇ ಇದನ್ನು. ಕೂದಲಿಗಿಂತ ಸಣ್ಣ ಲೋಹದ ಕಂಬಗಳನ್ನು ಕಾಸಿ, ತಣಿಸಿ, ಒತ್ತಿ ನೋಡುವುದು. ಆಕೆಯ ಪ್ರಬಂಧದ ಮೊದಲ ಸಾಲೇ 'ಲೋಹದ ತುಂಡು ಸಣ್ಣದಾದಷ್ಟೂ ಗಟ್ಟಿ' ಎಂದು. ಅಲ್ಲಿನ ಕಾರಣ ಬೇರೆ, ಹುಕ್ಕಿನ ಕಾರಣ ಬೇರೆ. ಆದರೆ ಸಣ್ಣದನ್ನು ನೋಡಿ ದೊಡ್ಡದಕ್ಕೆ ಜಾಮೀನು ಕೊಡಬಾರದೆಂಬ ಮಾತು ಎರಡಕ್ಕೂ ಒಂದೇ. ತನಗೆ ಡಾಕ್ಟರೇಟ್ ತಂದುಕೊಟ್ಟ ಸತ್ಯವನ್ನೇ ಹಗ್ಗ ಮಾಡಿ ತಮ್ಮನ ಕೊರಳಿಗೆ ಹಾಕುತ್ತಿದ್ದಾರೆ ಅನ್ನಿಸಿತು.

"ಅಕ್ಕಾ, ಬಿಡು. ಹೋಗೂನು," ಎಂದ ಸುನೀಲ.

"ನೀ ಸುಮ್ನ ನಿಂದ್ರು!" ಅವನ ಮೇಲೂ ಸಿಟ್ಟು ಬಂತು. "ಸರ್, ದಿನಾ ಎರಡೂ ಹೊತ್ತು ರೊಟ್ಟಿ ಉಣ್ಣೋರು, ಅನ್ನದ ಅಗಳಿನ ಮಾತ್ಯಾಕ ಆಡ್ತೀರಿ? ರೊಟ್ಟಿ ಮಾತೇ ಆಡ್ರಿ. ಜಿಗಿ ಇಲ್ಲದ ಹಿಟ್ಟಿನಾಗೂ ಅಂಗೈಯಷ್ಟು ರೊಟ್ಟಿ ಆಗ್ತದ. ಪರಾತದಷ್ಟು ಅಗಲ ತಟ್ಟಿ ನೋಡ್ರಿ, ಅಂಚು ಬಿರೀತದ. ಎಸರು ಬಿಟ್ಟು ತಣ್ಣೀರಾಗ ನಾದಿದ್ರಂತೂ ಕೈಯಾಗ ಹರೀತದ. ಜ್ವಾಳದ ಹಣೇಬರಾ ಗೊತ್ತಾಗೋದು ಅವಾಗ. ನೀವು ಸಣ್ಣದು ತಟ್ಟೀರಿ, ಅದೂ ಈ ಉರಿಬಿಸಲಾಗ. ಹುಕ್ಕು ಮುರಿದದ್ದು ಜನವರಿ ಥಂಡಿಯೊಳಗ!"

"ಥಂಡಿ?" ರಾಮಣ್ಣ ತೊಡೆ ತಟ್ಟಿಕೊಂಡ. "ಯಾದಗಿರಿ ಜಿಲ್ಲಾದಾಗ ಥಂಡಿಗೆ ಕಬ್ಬಿಣ ಮುರೀತಂತ! ಹಿಮ ಬಿದ್ದಿತ್ತೇನ್ರೀ ಮೇಡಂ?"

ಎಲ್ಲರೂ ನಕ್ಕರು. ತಾಯಪ್ಪನೂ ನಕ್ಕ. ಬಿಸಿಲಿನ ಮೇಲೆ ಯಾವ ಅಪವಾದ ಹೊರಿಸಿದರೂ ನಂಬುವ ಊರು ಇದು. ಚಳಿಯ ಮೇಲೆ ಹೊರಿಸಿದರೆ ನಗುತ್ತದೆ.

ಪರಿಮಳಾ ತಾಯಪ್ಪನ ಎದುರು ಬಂದು ನಿಂತಳು. "ತಾಯಪ್ಪಣ್ಣ, ಅವತ್ತು ನಸುಕಿನ್ಯಾಗ ಮೈಮ್ಯಾಲ ಏನಿತ್ತು?"

ತಾಯಪ್ಪನ ನಗು ನಿಂತಿತು. "ಕಂಬಳಿ."

"ಬರೇ ಕಂಬಳಿ?"

"ಹತ್ತಿಕಟಗಿ ಒಟ್ಟಿ ಬೆಂಕಿ ಹಚ್ಚಿದ್ವಿ. ಕೈ ಕಾಸಿಕೊಂಡ ಮ್ಯಾಲೇ ಚೈನು ಹಿಡಿಯಾಕ ಬಂತು."

"ನೀವು ಕೈ ಕಾಸಿಕೊಂಡ್ರಿ. ಹುಕ್ಕನ್ನ ಯಾರು ಕಾಸಿದ್ರು?"

ಅಧಿಕಾರಿ ಪೆನ್ನು ಮುಚ್ಚಿ, "ಏನು ಮಾಡಬೇಕಂತೀರಿ?" ಎಂದರು.

ಮುರಿದ ಹುಕ್ಕಿನ ಕಾಂಡ ಇನ್ನೂ ಗೇಣುದ್ದ ಉಳಿದಿತ್ತು. ಅದನ್ನು ಪೂರ್ತಿ ದಪ್ಪದಲ್ಲೇ ಎರಡು ತುಂಡು ಮಾಡಿ, ಎರಡಕ್ಕೂ ಗರಗಸದಿಂದ ಒಂದೇ ಆಳದ ಕಚ್ಚು ಹಾಕಿಸಿದ್ದಾಯಿತು. ಒಂದು ತುಂಡು ಮೇಜಿನ ಮೇಲೆ, ಆ ಧಗೆಯಲ್ಲೇ ಉಳಿಯಿತು. ಇನ್ನೊಂದು ಬಕೆಟ್ಟಿಗೆ ಹೋಯಿತು. ಗೇಟಿನ ಹೊರಗಿನ ಲಾಡ್ಲೇಸಾಬನ ಸೋಡಾ ಅಂಗಡಿಯಿಂದ ಬರ್ಫ ತರಿಸಿ, ನೀರು ಹನ್ನೆರಡು ಡಿಗ್ರಿಗೆ ಇಳಿದು ನಿಲ್ಲುವವರೆಗೆ ಪರಿಮಳಾ ಥರ್ಮಾಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಆ ನಸುಕಿನ ಚಳಿ ಅಷ್ಟೇ ಇತ್ತು, ಹೆಚ್ಚು ತಣಿಸಿ ಗೆಲ್ಲುವುದು ಆಕೆಗೆ ಬೇಕಿರಲಿಲ್ಲ. ಕಬ್ಬಿಣದ ಹೊಟ್ಟೆಯವರೆಗೂ ಚಳಿ ಇಳಿಯಲಿ ಎಂದು ಮತ್ತಷ್ಟು ಹೊತ್ತು ಬಿಟ್ಟಳು.

"ಸುತ್ತಿಗಿ ಯಾರು ಹಿಡಿಯೋರು?" ಎಂದರು ಬಸವಂತ ಸರ್.

"ಮ್ಯಾನೇಜರ್ ಸಾಹೇಬ್ರೇ ಹಿಡೀಲಿ. ನಾಳಿ ನಾವು ಮೋಸ ಮಾಡೀವಿ ಅನ್ನಬಾರದು."

ರಾಮಣ್ಣ ಖುಷಿಯಿಂದಲೇ ಎದ್ದ. ಬಿಸಿಯ ತುಂಡನ್ನು ವೈಸಿನ ದವಡೆಗೆ ಬಿಗಿದರು. ದೊಡ್ಡ ಸುತ್ತಿಗೆ ಎತ್ತಿ ಹೊಡೆದ. ಕಬ್ಬಿಣ ಬಾಗಿತು. ಮತ್ತೆ ಹೊಡೆದ. ಕಚ್ಚಿನ ಬಾಯಿ ತುಸು ಸೀಳಿತು, ತುಂಡು ಬೇರೆಯಾಗಲಿಲ್ಲ. ಹಣೆಯ ಬೆವರು ಒರೆಸಿಕೊಂಡು ಅವನು ಸುತ್ತ ನೋಡಿದ. "ನೋಡಿದ್ರೇನ್ರೀ? ಇದು ನಮ್ಮ ಮಾಲು! ಈ ಹುಕ್ಕು ನಾನೇ ಮುಂದ ನಿಂತು ಮಾಡಿಸಿದ್ದು!"

"ಈಗ ಇದು," ಎಂದು ಪರಿಮಳಾ ತಣ್ಣನೆಯ ತುಂಡನ್ನು ಬಕೆಟ್ಟಿನಿಂದ ತಂದು, ತಡಮಾಡದೆ ವೈಸಿಗೆ ಬಿಗಿಸಿದಳು.

ರಾಮಣ್ಣ ಹೊಡೆದ. ಒಂದೇ ಪೆಟ್ಟು. ಟಕ್ಕೆಂದು ಸದ್ದಾಗಿ ತುದಿ ಹಾರಿ ಗೋಡೆಗೆ ಬಡಿದು ತಾಯಪ್ಪನ ಊರುಗೋಲಿನ ಬಳಿ ಬಿತ್ತು.

ತಾಯಪ್ಪ ಬಗ್ಗಿ ಅದನ್ನು ಎತ್ತಿಕೊಂಡ. ಮುರಿದ ಮುಖ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯುತ್ತಿತ್ತು. ಮೇಜಿನ ಮೇಲಿದ್ದ ಹುಕ್ಕಿನ ಮುರಿದ ಬಾಯಿಯೂ ಹಾಗೇ ಹೊಳೆಯುತ್ತಿತ್ತು. ಬಸವಂತ ಸರ್ ಎರಡನ್ನೂ ನೋಡಿ ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು.

"ಇದು ನಿಯಮದ ಪ್ರಕಾರದ ಪರೀಕ್ಷಾ ಅಲ್ಲ..." ಎಂದು ಶುರುಮಾಡಿದರು.

"ಅಲ್ಲ ಸರ್. ಹಂಗಂತನೂ ಬರೀರಿ. ಕಣ್ಣಿಗೆ ಕಂಡದ್ದೂ ಬರೀರಿ. ಐಬಿಲ್ಲಂತ ಮಾತ್ರ ಇನ್ನೊಮ್ಮೆ ಬರೀಬ್ಯಾಡ್ರಿ!" ಆಕೆಯ ದನಿ ಲ್ಯಾಬು ತುಂಬಿತು. ಅಧಿಕಾರಿ ವರದಿಯನ್ನು ಬಸವಂತ ಸರ್ ಕಡೆ ವಾಪಸ್ ಸರಿಸಿದರು.

"ಲೇ ಸುನ್ಯಾ," ಎಂದ ತಾಯಪ್ಪ.

ಮೂರು ತಿಂಗಳಲ್ಲಿ ಅವನ ಬಾಯಿಂದ ಆ ಹೆಸರು ಬಂದಿರಲಿಲ್ಲ. ಸುನೀಲ ಗೋಡೆ ಬಿಟ್ಟು ಮುಂದೆ ಬಂದ.

"ಹಂಗ್ಯಾಕ ನೋಡ್ತೀಯಲೇ? ಎಬ್ಬಸು ನನ್ನ."

ಸುನೀಲ ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ಊರುಗೋಲು ಬೆಂಚಿಗೆ ಒರಗಿಯೇ ಉಳಿಯಿತು. ಸುನೀಲನ ಹೆಗಲ ಮೇಲೆ ಭಾರ ಹಾಕಿ ನಿಂತ ತಾಯಪ್ಪ, ಹೊಳೆಯುವ ತುಂಡನ್ನು ರಾಮಣ್ಣನ ಬಿಳಿ ಅಂಗಿಗೆ ತಾಗುವಷ್ಟು ಹತ್ತಿರ ಹಿಡಿದ.

"ಸಾಹೇಬ್ರ, ಇನ್ನೊಮ್ಮೆ ಹೇಳ್ರಿ. ಯಾರ ಮಾಲು ಅಂದ್ರಿ ಇದು?"