ಶಿವಪುತ್ರನ ಸೈಕಲ್ಲಿನ ಕಟಕ್

ಇದು ನಡೆದದ್ದೇ. ಅನುಮಾನವಿದ್ದವರು ಹೊಸ ತಿಪ್ಪಸಂದ್ರಕ್ಕೆ ಬಂದು ನಮ್ಮ ಅಜ್ಜಿ ದೊಡ್ಡಮುನಿಯಮ್ಮನನ್ನು ಕೇಳಬಹುದು. ಬೈಸಿಕೊಳ್ಳಲು ತಯಾರಾಗಿ ಬನ್ನಿ.

ನಮ್ಮ ವಠಾರದ ಕೊನೆಯ ಕೋಣೆಯಲ್ಲಿ ಕಲಬುರಗಿ ಕಡೆಯ ಶಿವಪುತ್ರ ಬಾಡಿಗೆಗಿದ್ದಾನೆ. ಬೆಳಕು ಹರಿಯುವ ಮೊದಲೇ ಸೈಕಲ್ಲೇರಿ ಇಂದಿರಾನಗರದ ಮನೆಗಳಿಗೆ ಹಾಲಿನ ಪ್ಯಾಕೆಟ್ ಹಾಕುತ್ತಾನೆ. ಆಯುಧಪೂಜೆ ಮುಗಿದದ್ದೇ ತಡ, ಆ ಸೈಕಲ್ಲು 'ಕಟಕ್' ಎನ್ನತೊಡಗಿತು. ಅಜ್ಜಿಯ ನಿದ್ದೆ ಕೆಟ್ಟಿತು. ಭಾನುವಾರ ಮಧ್ಯಾಹ್ನ ಅಂಗಳಕ್ಕೆ ಬಂದು ನಿಂತಳು.

"ನಾಳೆ ಆ ಸದ್ದು ಕೇಳಿಸ್ತೋ, ಸೈಕಲ್ ಗೇಟ್ ಆಚೆ. ಒಳಗಡೆ ತಂದ್ರೆ ನಾನೇ ಎತ್ತಿ ಬಿಸಾಕ್ತೀನಿ."

ಗೇಟಿನಾಚೆ ಇಟ್ಟಿದ್ದ ಶಿವಪುತ್ರನ ಹಿಂದಿನ ಸೈಕಲ್ಲನ್ನು ಕಳ್ಳರು ಒಯ್ದಿದ್ದರು. ಇದೂ ಹೋದರೆ ಹಾಲಿನ ಕೆಲಸವೂ ಹೋದಂತೆ.

ಶಿವಪುತ್ರ ಸ್ಪ್ಯಾನರ್ ನೆಲಕ್ಕೆ ಕುಕ್ಕಿದ. "ಪೆಡಲ್ ಹೊಸಾದು ಹಾಕ್ಸೀನಿ. ಮತ್ತ ಒದರ್ಲತ್ತದ. ಆ ಮುನೀರನ ಸೈಕಲ್ ಅಂಗಡಿಗಿ ಬೆಂಕಿ ಬೀಳ್ಲಿ."

"ಪೆಡಲ್ಲೇ ಹಾಕು ಅಂತ ಮುನೀರಣ್ಣನ ಪ್ರಾಣ ತಿಂದಿದ್ದು ನೀನು," ಎಂದೆ ನಾನು.

"ಸುಮ್ನಿರಲೇ ಲಿಖಿತ್. ಬಿ.ಎ. ಮಾಡಿ ಮಂದಿ ದನಿ ತೆಗ್ದು ಮಿಮಿಕ್ರಿ ಮಾಡೋದು ಕಲ್ತಿ. ಸೈಕಲ್ ಬಗ್ಗೆ ನಿಂಗೇನು ಗೊತ್ತದ?"

ನನಗೆ ಉರಿಯಿತು. ಆದರೂ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲ್ ತಿರುಗಿಸಿದೆ. ಪೆಡಲ್ಲಿನ ದೋಷವಾದರೆ ಸುತ್ತಿಗೊಮ್ಮೆ ಸದ್ದು ಬರಬೇಕು. ಇದು ಎರಡು ಸುತ್ತು ತೆಪ್ಪಗಿದ್ದು ಆಮೇಲೆ 'ಕಟಕ್' ಎನ್ನುತ್ತಿತ್ತು. ಅಂದರೆ ಚೈನು. ನಿಧಾನವಾಗಿ ತಿರುಗಿಸುತ್ತ ನೋಡಿದರೆ, ಒಂದೇ ಒಂದು ಕೊಂಡಿ ಮಡಚಿಕೊಳ್ಳದೆ ಫ್ರೀವೀಲಿನ ಹಲ್ಲಿನ ಮೇಲೆ ಜಿಗಿಯುತ್ತಿತ್ತು. ಒರೆಸಿದಾಗ ತುಕ್ಕು, ತುಕ್ಕಿನ ಮೇಲೆ ಕುಂಕುಮ, ಅದರಲ್ಲಿ ಅಂಟಿಕೊಂಡ ಅಕ್ಷತೆ.

"ಬಕೆಟ್‌ಗಟ್ಲೆ ನೀರು ಹುಯ್ದು, ಒಣಗಿಸ್ದೆ, ಚೈನಿಗೆ ಕುಂಕುಮ ಮೆತ್ತಿದೀಯಲ್ಲೋ!"

"ದುಡಿಯೋದು ಚೈನ್. ಹ್ಯಾಂಡಲ್ಲಿಗಿಟ್ಟು ಅದನ್ನ ಹಂಗೇ ಬಿಡ್ಲೇನು?"

ಸೀಮೆಎಣ್ಣೆಯಲ್ಲಿ ಹಳೆಯ ಟೂತ್‌ಬ್ರಶ್ ಅದ್ದಿ ಉಜ್ಜಿದೆವು. ಕೊಂಡಿಯನ್ನು ಅತ್ತಿತ್ತ ಅಲುಗಿಸಿ ಸಡಿಲಿಸಿ, ಎಣ್ಣೆ ಬಿಟ್ಟೆವು. ಸದ್ದು ನಿಂತಿತು.

ನನ್ನ ಉರಿ ನಿಂತಿರಲಿಲ್ಲ. ಪರೀಕ್ಷೆಗೆಂದು ಅವನು ಸೈಕಲ್ ತುಳಿದ, ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತೆ. ಮಾರ್ಕೆಟ್ ರಸ್ತೆಗೆ ತಿರುಗಿದ ಕೂಡಲೇ ನಾಲಗೆಯನ್ನು ಅಂಗುಳಕ್ಕೆ ಬಡಿದೆ. ಕಟಕ್.

ಅವನು ಇಳಿದ, ಚೈನ್ ಮುಟ್ಟಿ ನೋಡಿದ, ಮತ್ತೆ ಹತ್ತಿದ. ಎರಡು ಸುತ್ತು ಬಿಟ್ಟು, ಲೆಕ್ಕ ತಪ್ಪದಂತೆ, ಕಟಕ್. ಅವನ ಕುತ್ತಿಗೆಯ ನರ ಉಬ್ಬಿತು. ಮೂರನೆಯ ಸಲಕ್ಕೆ ನನ್ನನ್ನು ಕೆಳಕ್ಕೆ ನೂಕಿ, ಸೈಕಲ್ಲಿಗೆ ಒದ್ದ.

"ಎಷ್ಟು ಸೇವಾ ಮಾಡ್ಬೇಕಲೇ ನಿನಗ? ನಡಿ, ಗುಜರಿಗೇ ಹಾಕ್ತೀನಿ."

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗುಜರಿ ಅಂಗಡಿಯತ್ತ ಹೊರಟೇಬಿಟ್ಟ. ಹೂ ಮಾರುವವರು ದಾರಿ ಬಿಟ್ಟರು. ನಿಜ ಹೇಳಿಬಿಡೋಣವೆಂದು ಹಿಂದೆಯೇ ಓಡಿದೆ. ಬಾಯಿ ತೆರೆದರೆ, ಅಭ್ಯಾಸಬಲ, ಮೊದಲು ಹೊರಬಿದ್ದದ್ದು ಅದೇ.

ಕಟಕ್.

ಶಿವಪುತ್ರ ನಿಂತ. ಹೆಗಲ ಮೇಲೆ ಚಕ್ರ ತಿರುಗುತ್ತಿರಲಿಲ್ಲ, ಪೆಡಲ್ ಅಲುಗುತ್ತಿರಲಿಲ್ಲ. ನಿಧಾನವಾಗಿ ನನ್ನತ್ತ ತಿರುಗಿದ. ಏಟು ಬೀಳುವುದೆಂದು ನಾನು ಕೆನ್ನೆ ಮುಚ್ಚಿಕೊಂಡೆ.

"ಸೈಕಲ್ ನೆಟ್ಟಗದೇನಲೇ?"

"ನೆಟ್ಟಗಿದೆ ಗುರು."

ಸೈಕಲ್ಲನ್ನು ಇಳಿಸಿ, ಕೈಯಿಂದಲೇ ಪೆಡಲ್ ಗಿರಗಿರನೆ ತಿರುಗಿಸಿ ಕಿವಿಗೊಟ್ಟ. ಸದ್ದಿಲ್ಲ. ಬಾಯಿತುಂಬ ಒಂದು ಬೈಗುಳ ಬೈದ. ಆಮೇಲೆ ಸೀಟಿನ ಮೇಲೆ ತಲೆಯಿಟ್ಟು, ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಗತೊಡಗಿದ.