ನಾಲ್ಕನೆಯ ತುತ್ತು

ಸೀಮೆಸುಣ್ಣದ ಪುಡಿ ಬೆರಳಿಗೆಲ್ಲ ಅಂಟಿದೆ, ರೊಟ್ಟಿ ಬಡಿದು ಎದ್ದ ಅವ್ವನ ಕೈಯ ಹಾಗೆ — ಹಲಗೆಯ ಮೇಲೆ ಈಟ್ ಎಂದು ಬರೆದವಳು ನಾನೇ, ಈಟ್ ಅಂದ್ರ ಉಣ್ಣೂದು, ತಿನ್ನೂದು, ಯಾರ್‍ಯಾರು ಉಣ್ಣತಾರ ಒಂದೊಂದು ವಾಕ್ಯ ಬರೀರಿ, ಐದನೆಯ ತರಗತಿ ತಲೆ ಬಗ್ಗಿಸಿ ಬರೆಯುತ್ತಿದೆ, ಕಿಟಕಿಯಾಚೆ ಬೇವೂರಿನ ಕಡಲೆ ಹೊಲ, ಅವ್ವ ಈಗ ಏನು ಮಾಡುತ್ತಿದ್ದಾಳೋ ಭಾಗ್ಯನಗರದ ಮನೆಯಲ್ಲಿ, ಪಕ್ಕದ ಮನೆಯ ಶಬೀನಾ ಅವಳ ಹತ್ತಿರ ಕೂತಿದ್ದಾಳೆ, ಆಗಲೇ ಫೋನ್ ಮಾಡಿದ್ದಳು, ಇನ್ನೂ ಏನೂ ಉಂಡಿಲ್ಲರೀ ಅನುಸೂಯಕ್ಕಾ, ಬಾಯಿ ಬಿಗಿಹಿಡಕೊಂಡು ಕುಂತಾಳ — ಮೂರು ದಿನವಾಯಿತು, ಗಂಗಾಳ ಮುಂದಿಟ್ಟರೆ ರೊಟ್ಟಿ ಮುರಿದು ಮುರಿದು ಬಿಸಾಡುತ್ತಾಳೆ, ಹಾಸಿಗೆ ತುಂಬ ಪುಂಡಿಪಲ್ಯ, ಮರವಿನ ಬ್ಯಾನಿ ಹಿಂಗ ಇರತೈತ್ರಿ ಅಂದರು ಡಾಕ್ಟರು, ಇವತ್ತೂ ಉಣ್ಣಲಿಲ್ಲ ಅಂದ್ರ ನಾಳೆ ಮೂಗಿಗೆ ನಳಿಗಿ ಹಾಕೂಣು, ಅಯ್ಯೋ ಶಿವನೇ, ಅಷ್ಟು ಸಣ್ಣ ಮೂಗು, ಮೂಗುತಿ ಹಾಗೇ ಇದೆ. ಬೆಳಿಗ್ಗೆ ನನಗೇನು ಬಡಿದಿತ್ತೋ, ಎಡಕ್ಕೊಂದು ತುತ್ತು ಎಸೆದಳು, ಬಲಕ್ಕೊಂದು, ಎದುರಿನ ಗೋಡೆಗೊಂದು, ನಾಲ್ಕನೆಯದಕ್ಕೆ ಎತ್ತಿದ ಕೈ ಗಟ್ಟಿಯಾಗಿ ಹಿಡಿದುಬಿಟ್ಟೆ, ತಿನ್ನಬೇ ಎವ್ವ ತಿನ್ನು, ಎಷ್ಟಂತ ಬಳೀಲಿ ನಾ, ಸಾಲಿಗೆ ಹೊತ್ತಾತು ಅಂತ ಚೀರಿದೆ, ಛೀ, ಗಂಗಾಳ ಕಿತ್ತುಕೊಂಡು ಎದ್ದೆ, ಅವಳು ನನ್ನ ಮುಖವನ್ನೇ ನೋಡಿದಳು, ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಟೀಚರ್, ನಂದಾತ್ರೀ — ಸುಮಂಗಲಾ, ಎರಡು ಜಡೆಯ ಹುಡುಗಿ, ಬರೆಯುವ ಪಟ್ಟಿ ಚಾಚಿದ್ದಾಳೆ, ಲ್ಯಾಂಡ್ ಈಟ್ಸ್, ಕೆಂಪು ಪೆನ್ನು ತಾನೇ ಮೇಲೆದ್ದಿತು, ನೆಲ ಎಲ್ಲೆರ ಉಣ್ಣತೈತೇನವ್ವ, ಯಾಕ್ರೀ ಟೀಚರ್, ಎಳ್ಳಮಾಸಿಗೆ ಚರಗ ಚೆಲ್ಲತೀವಲ್ಲರೀ, ಹೊಲ ಉಂಡಮ್ಯಾಲೇ ನಾವು ಉಣ್ಣೂದು — ಚರಗ, ಹೌದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಈಗ ಎಲ್ಲಿಂದ ಬಂತು, ನಾನು ಆರು ವರ್ಷದವಳು, ಹೊಟ್ಟೆ ಚುರುಚುರು, ಬುಟ್ಟಿಯೊಳಗಿನ ಕಡುಬಿಗೆ ಕೈ ಹಾಕುತ್ತೇನೆ, ಅವ್ವ ನಗುತ್ತ ಕೈಗೊಂದು ಹೊಡೆಯುತ್ತಾಳೆ, ತಡಿಯಲೇ ಹೊಟ್ಟಿಬಾಕಿ, ಮೊದಲ ಭೂಮಿತಾಯಿ ಉಣ್ಣಲಿ, ಸೊಂಟದ ಮೇಲೆ ಬುಟ್ಟಿ, ಹೊಲದ ಬದುವಿನ ಗುಂಟ ನಡೆಯುತ್ತ ಮೂಡಲಕ್ಕೊಂದು ತುತ್ತು, ಪಡುವಲಕ್ಕೊಂದು, ನಾಲ್ಕೂ ದಿಕ್ಕಿಗೆ ಚೆಲ್ಲುವವರೆಗೆ ನನ್ನವ್ವ ಹುಲಿಗವ್ವ ಬಾಯಿಗೆ ನೀರು ಕೂಡ ಹಾಕಿದವಳಲ್ಲ, ಆಮೇಲೆ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತು, ಬಾ ನನ್ನವ್ವ, ಈಗ ಉಣ್ಣೂಣು ಬಾ, ಮೊದಲ ತುತ್ತು ನನ್ನ ಬಾಯಿಗೆ, ಎರಡನೆಯದು ಅವಳಿಗೆ, ಎಷ್ಟು ರುಚಿ ಅದು, ಆಮೇಲೆ ಎಲ್ಲೂ ಸಿಗಲಿಲ್ಲ — ಬಿಸಾಡುತ್ತಿರಲಿಲ್ಲ ಅವಳು, ಬಡಿಸುತ್ತಿದ್ದಳು, ಮೂರು ದಿನದಿಂದ ಅವಳು ಬಡಿಸುವುದು, ನಾನು ಬಳಿಯುವುದು, ಒಂದು ಸಲವೂ ಮುಗಿಸಗೊಡಲಿಲ್ಲ, ಶಬೀನಾ, ಫೋನ್ ಎತ್ತವಾ, ಗಂಗಾಳ ತುಂಬ ರೊಟ್ಟಿ ಇಡು, ಬಳೀಬ್ಯಾಡ, ಚೆಲ್ಲಲಿ, ಎಲ್ಲಾ ಚೆಲ್ಲಲಿ, ಫೋನಿನ ಗಂಟೆ ಹೊಡೆಯುತ್ತಿದೆ ಆಚೆ, ಎತ್ತುತ್ತಿಲ್ಲ, ಸುಮಂಗಲಾ ನೋಡುತ್ತಿದ್ದಾಳೆ, ಟೀಚರ್ ತಪ್ಪೈತೇನ್ರೀ, ಇಲ್ಲವ್ವ ಇಲ್ಲ, ತಪ್ಪು ನಂದು, ಎತ್ತು ಶಬೀನಾ, ಎತ್ತು — ನನ್ನ ಹಿಡಿತದಲ್ಲಿ ಸಿಕ್ಕಿ ನಿಂತ ಅವ್ವನ ಕೈ, ಬಿಚ್ಚದ ಮುಷ್ಟಿ, ಮುಷ್ಟಿಯೊಳಗೆ ತುತ್ತು, ನಾಲ್ಕನೆಯ ದಿಕ್ಕು ಇನ್ನೂ ಉಂಡಿಲ್ಲ.